ಹಾಡು ಅವಳದು, ಸದ್ದು ಯಾರದು?

ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಓಡಾಡುವಂತಿಲ್ಲ ಎಂಬ ನಿರ್ಬಂಧ 2009ರಲ್ಲಿ ಬಂದ ಮೇಲೆ ಗುಂಡ್ಲುಪೇಟೆ ರಾತ್ರಿಯೂ ಎಚ್ಚರವಾಗಿರುವ ಊರಾಯಿತು. ವಯನಾಡಿಗೋ ಊಟಿಗೋ ಹೊರಟ ಲಾರಿಗಳು ಹೊತ್ತು ಮೀರಿದರೆ ಇಲ್ಲೇ ಬೆಳಗು ಕಾಯಬೇಕು. ಕಾಯುವವರಿಗೆ ಟೀ ಬೇಕು, ಹಾಡು ಬೇಕು. ಮಲಯಾಳ, ತಮಿಳು, ಕನ್ನಡ ಮೂರೂ ಭಾಷೆಯ ಹಾಡುಗಳು ಒಂದೇ ರಸ್ತೆಯಲ್ಲಿ ಕೇಳಿಸುವ ಈ ಊರಿಗೆ ‘ಸೋಜುಗದ ಸೂಜುಮಲ್ಲಿಗೆ’ ಎಷ್ಟು ಬಗೆಯಲ್ಲಿ ಬಂದುಹೋಗಿದೆಯೆಂದು ಲೆಕ್ಕ ಇಟ್ಟವರಿಲ್ಲ. ಬರಿಗೊರಳಿನದು ಒಂದು, ಗಿಟಾರಿನದು ಒಂದು, ಎದೆಗೂಡು ಅದುರುವಷ್ಟು ಬೇಸ್ ತುಂಬಿದ ರೀಮಿಕ್ಸ್ ಇನ್ನೊಂದು.

ಹಾಡು ಮಾದೇವನದು. ಚಾಮರಾಜನಗರ ಜಿಲ್ಲೆಯವರಿಗೆ ಮಾದೇವನೆಂದರೆ ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನೇ. 2020ರ ಶಿವರಾತ್ರಿಯಂದು ಕೊಯಮತ್ತೂರಿನ ಈಶ ವೇದಿಕೆಯಲ್ಲಿ ಅನನ್ಯಾ ಭಟ್ ಇದನ್ನು ಹಾಡಿದಾಗ ಕನ್ನಡ ಬಾರದವರೂ ಗುನುಗಿದರು. ಮರುವರ್ಷ ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ಚಿತ್ರಕ್ಕಾಗಿ, ಮಿಧುನ್ ಮುಕುಂದನ್ ಸಂಗೀತದಲ್ಲಿ ಚೈತ್ರಾ ಜೆ. ಆಚಾರ್ ಹಾಡಿದರು, ಮಲೆಯ ಹಾಡು ಮಂಗಳೂರಿನ ರೌಡಿಗಳ ಕತೆಯೊಳಗೆ ಹೊಕ್ಕಿತು. ಹಾಡಿದ್ದು ಯಾರೆಂದು ಕೇಳಿದರೆ ಹುಡುಗರು ಥಟ್ಟನೆ ಹೇಳುತ್ತಾರೆ. ಆ ಸದ್ದನ್ನು ಕಟ್ಟಿದ್ದು ಯಾರೆಂದರೆ ತಡವರಿಸುತ್ತಾರೆ. ಮೊದಲಿಗೆ ಯಾರ ಬಾಯಲ್ಲಿ ಇದ್ದ ಹಾಡು ಎಂದರೆ ಸುಮ್ಮನಾಗುತ್ತಾರೆ.

ಎಲೆಕ್ಟ್ರಾನಿಕ್ ಸಂಗೀತದ ತಕರಾರೆಲ್ಲ ಈ ಮೂರು ಪ್ರಶ್ನೆಗಳಲ್ಲೇ ಇದೆ. ಹಾಡುವವಳು ಹೆಂಡತಿ, ಸದ್ದು ಕಟ್ಟುವವನು ಗಂಡ ಎಂದಾದರಂತೂ ತಕರಾರು ನಡುಮನೆಗೇ ಬಂದು ಕೂರುತ್ತದೆ.

ಸದ್ದು ಕಟ್ಟುವ ಕಸುಬು

ಹಾಡುವವರು ಮತ್ತು ನಿರ್ಮಾಪಕರು ದಂಪತಿಯಾಗಿದ್ದ ದೊಡ್ಡ ಉದಾಹರಣೆ ಈ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಚಾಮರಾಜನಗರದ ನೆರೆಯ ಗಾಜನೂರಿನ ಮುತ್ತುರಾಜು ಡಾ. ರಾಜ್‌ಕುಮಾರ್ ಆದರು; 1974ರ ‘ಸಂಪತ್ತಿಗೆ ಸವಾಲ್’ ನಂತರ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ಪತ್ನಿ ಪಾರ್ವತಮ್ಮ 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಪಕಿಯಾದರು. ಕತೆ ಆರಿಸುವುದು, ಲೆಕ್ಕ ನೋಡುವುದು, ಬಿಡುಗಡೆಗೆ ನಿಲ್ಲುವುದು ಅವರ ಕೆಲಸ. ಯಾರು ಏನು ಮಾಡಿದರು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಎಲೆಕ್ಟ್ರಾನಿಕ್ ಸಂಗೀತದ ಪ್ರೊಡ್ಯೂಸರ್ ಈ ಅರ್ಥದ ನಿರ್ಮಾಪಕನಲ್ಲ. ಅವನು ದುಡ್ಡು ಹಾಕದೆಯೂ ಇರಬಹುದು. ಕಂಪ್ಯೂಟರ್ ಮುಂದೆ ಕೂತು ಹಾಡಿನ ಸದ್ದನ್ನು ಪದರ ಪದರವಾಗಿ ಕಟ್ಟುವುದು ಅವನ ಕಸುಬು. ಮೈಕಿನಿಂದ ಬಂದ ಕೊರಳನ್ನು ಯಂತ್ರ ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ, ಸಿ.ಡಿ. ಕಾಲದಿಂದ ಬಂದ ಅಳತೆ ಇದು. ಒಮ್ಮೆ ಅಂಕಿಯಾದ ಮೇಲೆ ಆ ಕೊರಳನ್ನು ಏನು ಬೇಕಾದರೂ ಮಾಡಬಹುದು. ಒಂದು ಉಸಿರನ್ನು ಕತ್ತರಿಸಿ ನೂರು ಸಲ ಸುತ್ತಿಸಬಹುದು, ಹಿಂದುಮುಂದಾಗಿ ನುಡಿಸಬಹುದು, ಒಬ್ಬಳನ್ನೇ ಇಪ್ಪತ್ತು ಜನರ ಮೇಳ ಮಾಡಬಹುದು. ತೈಲ ನಿಕ್ಷೇಪ ಹುಡುಕಲು ಭೂಮಿಯ ಕಂಪನಗಳನ್ನು ಅಳೆಯುವ ಗಣಿತದಲ್ಲಿ ಪಳಗಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ 1997ರಲ್ಲಿ ಹೊರತಂದ ಆಟೋಟ್ಯೂನ್, ಶ್ರುತಿ ತಪ್ಪಿದ ಸ್ವರವನ್ನು ಹಿಡಿದು ನೆಟ್ಟಗೆ ಕೂರಿಸಿತು. ಮರುವರ್ಷ ಗಾಯಕಿ ಶೇರ್ ಅವರ ‘ಬಿಲೀವ್’ ಹಾಡು ಆ ತಿದ್ದುಪಡಿಯನ್ನು ಮುಚ್ಚಿಡದೆ ಅದನ್ನೇ ಒಂದು ಸೊಗಸು ಮಾಡಿಕೊಂಡಿತು.

ಇಷ್ಟೆಲ್ಲ ಸಾಧ್ಯವಾದಾಗ ಹಾಡಿನ ಅರ್ಧ ಭಾಗ ಗಾಯನದ ಹೊರಗೇ ನಡೆಯುತ್ತದೆ. ಆ ಅರ್ಧ ಯಾರದು ಎಂದು ಕೇಳುಗನಿಗೆ ಕಾಣುವುದಿಲ್ಲ. ಕಾಣದ್ದನ್ನು ಜನ ಊಹಿಸಿಕೊಳ್ಳುತ್ತಾರೆ. ಯಂತ್ರದ ಕೆಲಸವೆಂದರೆ ಗಂಡಸಿನದು ಎಂಬ ಊಹೆ ಎಲ್ಲಕ್ಕಿಂತ ಮೊದಲು ಬರುತ್ತದೆ.

ಶೀಲಾ ಚಂದ್ರ ಮತ್ತು ಸ್ಟೀವ್ ಕೋ

ಇಂಥ ಜೋಡಿಗಳಲ್ಲಿ ದಕ್ಷಿಣ ಭಾರತದ ಸಂಗೀತಕ್ಕೆ ಹತ್ತಿರವಾದದ್ದು ಲಂಡನ್ನಿನಲ್ಲಿ ಸಿಗುತ್ತದೆ. 1965ರಲ್ಲಿ ಅಲ್ಲಿ ಹುಟ್ಟಿದ ಶೀಲಾ ಚಂದ್ರ ಅವರ ಮನೆತನ ದಕ್ಷಿಣ ಭಾರತದ್ದು. ಬಿ.ಬಿ.ಸಿ.ಯ ‘ಗ್ರೇಂಜ್ ಹಿಲ್’ ಎಂಬ ಮಕ್ಕಳ ಧಾರಾವಾಹಿಯಲ್ಲಿ ನಟಿಸುತ್ತಿದ್ದ ಹುಡುಗಿ ಸ್ಟೀವ್ ಕೋ ಕಟ್ಟಿದ ‘ಮಾನ್ಸೂನ್’ ತಂಡಕ್ಕೆ ಸೇರಿದರು. 1982ರಲ್ಲಿ ಆ ತಂಡದ ‘ಎವರ್ ಸೋ ಲೋನ್ಲಿ’ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತು. ಮುಂದೆ ಏನು ಹಾಡಬೇಕು, ಹೇಗೆ ಹಾಡಬೇಕು ಎಂದು ರೆಕಾರ್ಡ್ ಕಂಪನಿ ಹೇಳತೊಡಗಿದಾಗ ತಂಡ ಒಡೆಯಿತು. ಶೀಲಾ ಮತ್ತು ಸ್ಟೀವ್ ಕೋ ಒಟ್ಟಿಗೆ ಉಳಿದರು, ಮುಂದೆ ದಂಪತಿಗಳಾದರು.

ಹಿಟ್ ಹಾಡಿನ ಹಿಂದೆಯೇ ಇನ್ನೊಂದು ಹಿಟ್ ಮಾಡುವುದು ಲೋಕದ ದಾರಿ. ಈಕೆ ಹಿಡಿದದ್ದು ತಿಕ್ಕಲೆನ್ನಿಸುವ ದಾರಿ. 1984ರ ‘ಕ್ವೈಟ್’ ಎಂಬ ಆಲ್ಬಮ್ಮಿನಲ್ಲಿ ಸಾಹಿತ್ಯವೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಕೊರಳೊಂದು ವಾದ್ಯವಾಗಿ ದುಡಿಯುತ್ತದೆ. 1992 ಮತ್ತು 1994ರ ಆಲ್ಬಮ್ಮುಗಳಲ್ಲಿ ‘ಸ್ಪೀಕಿಂಗ್ ಇನ್ ಟಂಗ್ಸ್’ ಹೆಸರಿನ ಸರಣಿ ಇದೆ. ನಮ್ಮ ಕಛೇರಿಗಳ ಕೊನ್ನಕೋಲು ಅದರ ಬೇರು. ಮೃದಂಗದ ಸೊಲ್ಲುಕಟ್ಟುಗಳಿಂದ ಹೊರಟು ಬೈಗುಳ, ಪಿಸುಮಾತು, ಮಗುವಿನ ತೊದಲು ಎಲ್ಲವನ್ನೂ ಒಂದೇ ಲಯಕ್ಕೆ ಪೋಣಿಸಿದಂತೆ ಕೇಳುತ್ತದೆ. ವೇದಿಕೆಗೆ ಬಂದರೆ ಜತೆಯಲ್ಲಿ ವಾದ್ಯಗಾರರಿಲ್ಲ, ಹಿಂದೊಂದು ಶ್ರುತಿಯ ಗುಂಗು, ಮುಂದೆ ಆಕೆ ಒಬ್ಬಳೇ.

1996ರ ‘ಎ ಬೋನ್ ಕ್ರೋನ್ ಡ್ರೋನ್’ ಇನ್ನೂ ಮುಂದೆ ಹೋಯಿತು. ಅದರಲ್ಲಿ ಇರುವುದೆಲ್ಲ ಶ್ರುತಿಯೇ. ತಂಬೂರಿ ಹಿಡಿದವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ತಂತಿಗೂ ಕುದುರೆಗೂ ನಡುವೆ ಸಣ್ಣ ದಾರವೊಂದನ್ನು ಸಿಕ್ಕಿಸಿ ಸರಿಯಾದ ಜಾಗಕ್ಕೆ ತಂದರೆ ಒಂದೇ ತಂತಿಯಿಂದ ಹಲವು ಸ್ವರಗಳು ಎದ್ದು ಬರುತ್ತವೆ. ಕಿವಿಗೊಟ್ಟು ಕೂತವನಿಗೆ ಯಾರೂ ಹಾಡದ ರಾಗವೂ ಅದರೊಳಗೆ ಕೇಳಿಸುತ್ತದೆ. ಶೀಲಾ, ಸ್ಟೀವ್ ಇಬ್ಬರೂ ಸೇರಿ ಆ ಮೇಲುಸ್ವರಗಳನ್ನು ಸ್ಟುಡಿಯೊದಲ್ಲಿ ಹಿಡಿದು, ಹಿಗ್ಗಿಸಿ, ಅದರ ಮೇಲೆ ಕೊರಳನ್ನು ಹರಿಯಬಿಟ್ಟರು. ಇದರಲ್ಲಿ ಗಾಯನ ಎಲ್ಲಿ ಮುಗಿಯಿತು, ಯಂತ್ರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಶ್ರುತಿಯೊಳಗಿನ ಸ್ವರವನ್ನು ಮೊದಲು ಕೇಳಿಸಿಕೊಳ್ಳಬೇಕಾದದ್ದು ಗಾಯಕಿಯ ಕಿವಿ. ಯಂತ್ರ ಆ ಕಿವಿಯ ಹಿಂದೆ ನಡೆಯಿತು. ಮುಂದೆ ಬಾಯಿ ಉರಿಯುವ ಕಾಯಿಲೆಯಿಂದಾಗಿ ಆಕೆ ಹಾಡುವುದನ್ನೇ ಬಿಡಬೇಕಾಯಿತು.

ಇದೇ ಸಾಲಿಗೆ ಸೇರುವವರು ಸುಶೀಲಾ ರಾಮನ್ ಮತ್ತು ಅವರ ಬಾಳಸಂಗಾತಿ ಸ್ಯಾಮ್ ಮಿಲ್ಸ್. ತಮಿಳು ಮನೆತನದ ಸುಶೀಲಾ ಕರ್ನಾಟಕ ಸಂಗೀತದ ಕೃತಿಗಳನ್ನು ಹಸ್ಕಿ ಕೊರಳಿನಲ್ಲಿ, ಸಂಪ್ರದಾಯಸ್ಥರು ಹುಬ್ಬೇರಿಸುವಂತೆ ಹಾಡಿದವರು. ‘23 ಸ್ಕಿಡೂ’ ಎಂಬ ಪ್ರಯೋಗಶೀಲ ತಂಡದಲ್ಲಿದ್ದು, ಬಂಗಾಳದ ಪಬನ್ ದಾಸ್ ಬಾವುಲರ ಜತೆ ಕೆಲಸ ಮಾಡಿ ಬಂದವರು ಸ್ಯಾಮ್. ಇಬ್ಬರ ‘ಸಾಲ್ಟ್ ರೇನ್’ 2001ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು.

ಕೊನೆಯ ಎರಡು ವಾರದವರ ಹೆಸರು

ಗಂಡ ಹೆಂಡಿರು ಕೂಡಿ ಮಾಡಿದ ಎಲೆಕ್ಟ್ರಾನಿಕ್ ಸಂಗೀತಕ್ಕೆ ಸರಿಯಾದ ಹೆಸರು ಸಿಗದ ಕತೆ ಹಳೆಯದು. 1956ರ ಹಾಲಿವುಡ್ ಚಿತ್ರ ‘ಫರ್ಬಿಡನ್ ಪ್ಲಾನೆಟ್’ಗೆ ಲೂಯಿಸ್ ಮತ್ತು ಬೀಬಿ ಬ್ಯಾರನ್ ದಂಪತಿಗಳು ಪೂರ್ತಿ ಎಲೆಕ್ಟ್ರಾನಿಕ್ ಸದ್ದಿನಲ್ಲೇ ಹಿನ್ನೆಲೆ ಕಟ್ಟಿಕೊಟ್ಟರು. ಲೂಯಿಸ್ ಸರ್ಕ್ಯೂಟ್‌ಗಳನ್ನು ಕಟ್ಟುತ್ತಿದ್ದರು. ಅವು ಉರಿದುಹೋಗುವ ತನಕ ಹೊರಡಿಸಿದ ಸದ್ದನ್ನೆಲ್ಲ ಟೇಪಿನಲ್ಲಿ ಕೇಳಿ, ಯಾವುದು ಸಂಗೀತವಾದೀತು ಎಂದು ಆರಿಸಿ ಜೋಡಿಸುವುದರಲ್ಲಿ ಬೀಬಿಯ ಕೈ ದೊಡ್ಡದು. ಇದಕ್ಕೆ ‘ಸಂಗೀತ’ ಎಂದು ಹೆಸರು ಹಾಕಲು ವಾದ್ಯಗಾರರ ಸಂಘ ಒಪ್ಪಲಿಲ್ಲ. ಪರದೆಯ ಮೇಲೆ ‘ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್’ ಎಂದು ಬರೆದು ತೇಪೆ ಹಾಕಿದರು.

ಐಸ್‌ಲ್ಯಾಂಡಿನ ಬ್ಯೊರ್ಕ್ ತಿಕ್ಕಲು ಗಾಯಕಿ ಎಂದೇ ಲೋಕಖ್ಯಾತಿ ಪಡೆದವರು. 2001ರ ಆಸ್ಕರ್ ಸಮಾರಂಭಕ್ಕೆ ಹಂಸದ ಆಕಾರದ ಉಡುಗೆ ತೊಟ್ಟು ಬಂದದ್ದನ್ನು ಪತ್ರಿಕೆಗಳು ಇಂದಿಗೂ ಬಿಟ್ಟಿಲ್ಲ. ಅವರು 2015ರ ಸಂದರ್ಶನವೊಂದರಲ್ಲಿ ಹೇಳಿಕೊಂಡ ನೋವು ಬೇರೆಯದು. ‘ವೆಸ್ಪರ್ಟೈನ್’ ಆಲ್ಬಮ್ಮಿನ ಬೀಟುಗಳ ಮೇಲೆ ತಾನು ಮೂರು ವರ್ಷ ಕೂತರೂ, ಕೊನೆಯ ಎರಡು ವಾರಕ್ಕೆ ಬಂದು ತಾಳದ ಕೆಲಸ ಸೇರಿಸಿದ ಗಂಡಸರೇ ಅದನ್ನೆಲ್ಲ ಮಾಡಿದರೆಂದು ಬರೆಯಲಾಯಿತು ಎಂಬುದು ಆ ನೋವು. ಆ ಗಂಡಸರು ಹಾಗೆ ಹೇಳಿಕೊಂಡಿರಲಿಲ್ಲ. ಬರೆದವರೇ ಹಾಗೆ ಊಹಿಸಿಕೊಂಡರು.

ಉಡುಗೆಯ ತಿಕ್ಕಲನ್ನು ಎಲ್ಲರೂ ಕಂಡರು. ಬೀಟಿನ ದುಡಿಮೆಯನ್ನು ಯಾರೂ ಕಾಣಲಿಲ್ಲ. ಹೆಣ್ಣಿನ ವಿಚಿತ್ರವನ್ನು ಸ್ವಭಾವವೆಂದೂ ಗಂಡಿನ ವಿಚಿತ್ರವನ್ನು ಪ್ರತಿಭೆಯೆಂದೂ ಓದುವ ಅಭ್ಯಾಸ ಇದರ ಹಿಂದಿದೆ.

ಕನ್ನಡದ ಕೊರಳು, ಕನ್ನಡದ ಯಂತ್ರ

ಕರ್ನಾಟಕದಲ್ಲಿ ಎಲೆಕ್ಟ್ರಾನಿಕ್ ಸದ್ದು ಸಾಂಪ್ರದಾಯಿಕ ವೇದಿಕೆಗೆ ಕಾಲಿಟ್ಟದ್ದು ಶ್ರುತಿಪೆಟ್ಟಿಗೆಯ ರೂಪದಲ್ಲಿ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ ‘ರಾಡೆಲ್’ ಸಂಸ್ಥೆ ಕಟ್ಟಿದರು. ಮೊದಮೊದಲು ಮೂಗು ಮುರಿದವರ ಮನೆಯ ಪಾಠದ ಕೋಣೆಗೂ ಆ ಪೆಟ್ಟಿಗೆ ಬಂತು. ಯಂತ್ರ ಬಂದರೆ ಸಂಗೀತ ಕೆಡುತ್ತದೆ ಎಂಬ ವಾದವನ್ನು ನಾವು ಒಂದು ಸುತ್ತು ಆಗಲೇ ಮುಗಿಸಿದ್ದೇವೆ.

ಈಚಿನವರಲ್ಲಿ ಎಂ.ಡಿ. ಪಲ್ಲವಿ ಅವರ ಹಾದಿ ಗಮನಿಸಬೇಕಾದದ್ದು. ಭಾವಗೀತೆಗಳಿಂದ ಮನೆಮಾತಾದವರು, ‘ದುನಿಯಾ’ ಚಿತ್ರದ ‘ನೋಡಯ್ಯ ಕ್ವಾಟೆ ಲಿಂಗವೆ’ಗೆ ರಾಜ್ಯ ಪ್ರಶಸ್ತಿ ಪಡೆದವರು. ಅಷ್ಟಕ್ಕೇ ನಿಂತಿದ್ದರೆ ಸುಖವಾಗಿತ್ತು. ಜರ್ಮನಿಯ ನಿರ್ದೇಶಕಿ ಸೋಫಿಯಾ ಸ್ಟೆಫ್ ಜತೆ ಅವರು ಕಟ್ಟಿದ ‘ಸಿ ಶಾರ್ಪ್ ಸಿ ಬ್ಲಂಟ್’ ಎಂಬ ಏಕವ್ಯಕ್ತಿ ಪ್ರಯೋಗದಲ್ಲಿ ಗಾಯಕಿಯೇ ಒಂದು ಮೊಬೈಲ್ ಆ್ಯಪ್. ಬಳಸುವವನು ಬಯಸಿದಂತೆ ಹಾಡಬೇಕು, ನಗಬೇಕು, ಬೇಡವೆಂದರೆ ಸುಮ್ಮನಿರಬೇಕು. ನಿಖಿಲ್ ನಾಗರಾಜ್ ಅವರ ಎಲೆಕ್ಟ್ರಾನಿಕ್ ಸದ್ದಿನ ನಡುವೆ ಪಲ್ಲವಿ ತನ್ನ ಕೊರಳನ್ನೇ ಲೂಪ್ ಮಾಡಿ, ತುಂಡರಿಸಿ, ಹಾಡುವ ಹೆಣ್ಣನ್ನು ಲೋಕ ಹೇಗೆ ಬಳಸುತ್ತದೆ ಎಂದು ತೋರಿಸಿದರು. ಹ್ಯಾಂಬರ್ಗಿನ ಆ್ಯಂಡಿ ಒಟ್ಟೊ ಜತೆಗಿನ ‘ಬ್ಯಾಂಗಲೋರ್ ವಿಸ್ಪರ್ಸ್’, ‘ಸಾಂಗ್ಸ್ ಫಾರ್ ಬ್ರೋಕನ್ ಶಿಪ್ಸ್’ ಅವರ ಇನ್ನೊಂದು ಮುಖ. ಒಟ್ಟೊ ಚೆಲ್ಲೊ ವಾದ್ಯದ ಕಮಾನಿಗೆ ಸೆನ್ಸರ್ ಕಟ್ಟಿ, ಕೈಯ ಚಲನೆಯಿಂದಲೇ ಕಂಪ್ಯೂಟರಿನ ಸದ್ದನ್ನು ಬಾಗಿಸುವವರು. ಪಲ್ಲವಿ ಮತ್ತು ಒಟ್ಟೊ ಪತಿ ಪತ್ನಿಯರಲ್ಲ, ಸಹೋದ್ಯೋಗಿಗಳು. ಬೆಂಗಳೂರಿನ ‘ಸಲ್ಕ್ ಸ್ಟೇಷನ್’ ಜೋಡಿಯದೂ ಇದೇ ಅಚ್ಚು. ಹಿಂದುಸ್ತಾನಿ ಕಲಿತ ತನ್ವಿ ರಾವ್ ಅವರ ಗಾಯನ, ರಾಹುಲ್ ಗಿರಿ ಅವರ ಸದ್ದು. 2012ರಲ್ಲಿ ‘ಟಿಲ್ ಯು ಅಪಿಯರ್’ ಬಂತು.

ದಂಪತಿಗಳೇ ಬೇಕೆಂದರೆ ಬಿಂದುಮಾಲಿನಿ ಮತ್ತು ವಾಸು ದೀಕ್ಷಿತ್ ಇದ್ದಾರೆ. ಅವರದು ಎಲೆಕ್ಟ್ರಾನಿಕ್ ಸಂಗೀತವೆನ್ನಲಾಗದು, ಆದರೆ ನಮ್ಮ ಪ್ರಶ್ನೆಗೆ ಅವರಲ್ಲಿ ಉತ್ತರವಿದೆ. ‘ಸ್ವರಾತ್ಮ’ ತಂಡದ ವಾಸು ವೇದಿಕೆಯಲ್ಲಿ ಪೊಳ್ಳು ಕುದುರೆ ಕಟ್ಟಿಕೊಂಡು ಕುಣಿದಾಗ ಜನ ಚಪ್ಪಾಳೆ ತಟ್ಟಿದರು; ತಿಕ್ಕಲು ಎನ್ನಲಿಲ್ಲ. ಬಿಂದುಮಾಲಿನಿ ಕಬೀರನ ಹಾಡುಗಳಿಂದ ಹೆಸರಾದವರು, ‘ಹರಿಕಥಾ ಪ್ರಸಂಗ’ ಮತ್ತು ‘ನಾತಿಚರಾಮಿ’ ಚಿತ್ರಗಳಿಗೆ ಸಂಗೀತ ಕೊಟ್ಟವರು. ‘ನಾತಿಚರಾಮಿ’ಯ ‘ಮಾಯಾವಿ ಮನವೆ’ ಹಾಡಿಗೆ 2018ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿ ಅತ್ಯುತ್ತಮ ಗಾಯಕಿಯದು. ಆ ರಾಗವನ್ನು ಕಟ್ಟಿದವರೂ ಅವರೇ ಎಂಬುದು ಬಹಳ ಕೇಳುಗರಿಗೆ ಇನ್ನೂ ಹೊಸ ಸುದ್ದಿ.

ಮಾದಪ್ಪನ ಮೇಳದಲ್ಲಿ

ತಿಕ್ಕಲಿಗೆ ಹೆದರುವ ಸೀಮೆ ನಮ್ಮದಲ್ಲ. ಚಿಕ್ಕಲ್ಲೂರು ಜಾತ್ರೆಗೆ ಜನ ಹರಿದು ಬರುವುದು ಮಂಟೇಸ್ವಾಮಿಯ ಪರಂಪರೆಗೆ. ಆತ ಕುಷ್ಠರೋಗಿಯ ವೇಷದಲ್ಲಿ ಹೆಂಡ, ಮಾಂಸ ಹೊತ್ತು ಕಲ್ಯಾಣದ ಶರಣರ ಬಾಗಿಲಿಗೆ ಹೋಗಿ ಅವರ ಭಕ್ತಿಯನ್ನು ಒರೆಗೆ ಹಚ್ಚಿದ ಗುರು. ಅಂಥವನನ್ನು ‘ಧರೆಗೆ ದೊಡ್ಡವರು’ ಎಂದು ಕರೆದ ಜನ ನಾವು. ಗಂಡು ಗುರುವಿಗೆ ಕೊಟ್ಟ ಆ ಸಲಿಗೆಯನ್ನು ಹೆಣ್ಣು ಗಾಯಕಿಗೆ ಕೊಡಲು ಮಾತ್ರ ಹಿಂದೆಮುಂದೆ ನೋಡುತ್ತೇವೆ.

ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ಮೇಳದಲ್ಲಿ ಮುಂದಾಳು ತಂಬೂರಿ ಹಿಡಿದು, ಬೆರಳಿನಲ್ಲಿ ಗಗ್ಗರ ಆಡಿಸುತ್ತ ಕತೆ ಎತ್ತುತ್ತಾನೆ. ಮಾದಪ್ಪನ ಕತೆ ಹಾಡುವ ಕಂಸಾಳೆಯ ಗುಡ್ಡರಲ್ಲಿ ಎಡಗೈಯ ಬಟ್ಟಲಿಗೆ ಬಲಗೈಯ ತಾಳ ಬಡಿಯುತ್ತದೆ. ಮುಂದಾಳು ಬಿಟ್ಟ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಆ ಸೊಲ್ಲು ತಿರುಗಿ ತಿರುಗಿ ಬರುವಾಗ ಮುಂದಾಳಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ಹೊಳೆಯುತ್ತದೆ. ಶ್ರುತಿ, ಬೀಟು, ಲೂಪು ಮೂರೂ ಇಲ್ಲಿವೆ. ಎಲೆಕ್ಟ್ರಾನಿಕ್ ಪ್ರೊಡ್ಯೂಸರಿಗೆ ಈ ಹಾಡುಗಳು ಇಷ್ಟು ಸಲೀಸಾಗಿ ಒಗ್ಗುವುದೂ ಇದಕ್ಕೇ.

ಒಗ್ಗದ ಭಾಗವೂ ಇದೆ. ಇರುಳಿಡೀ ನಡೆಯುವ ಕತೆಯಲ್ಲಿ ನಡೆ ಒಂದೇ ಸಮ ಇರುವುದಿಲ್ಲ. ಯುದ್ಧಕ್ಕೆ ಬಿರುಸಾಗುತ್ತದೆ, ದುಃಖಕ್ಕೆ ತಡೆಯುತ್ತದೆ, ಕೇಳುವವರಿಗೆ ನಿದ್ದೆ ಬಂತೆಂದರೆ ಮತ್ತೆ ಏರುತ್ತದೆ. ತಂಬೂರಿಯ ಶ್ರುತಿ ಆವತ್ತಿನ ಕೊರಳಿಗೆ ತಕ್ಕದ್ದು, ಕೀಬೋರ್ಡಿನ ಮನೆಗೆ ಕೂರುವಂಥದ್ದಲ್ಲ. ಕಂಪ್ಯೂಟರಿಗೆ ಬೇಕಾದದ್ದು ನಿಮಿಷಕ್ಕೆ ಇಷ್ಟೇ ಬೀಟು ಎಂಬ ಕಟ್ಟುಪಾಡು, ಜಗತ್ತಿನ ವಾದ್ಯಗಳೆಲ್ಲ ಒಪ್ಪಿದ ಶ್ರುತಿ. ಪ್ರೊಡ್ಯೂಸರ್ ಕೊರಳನ್ನು ಎಳೆದು, ಒತ್ತಿ ಆ ಚೌಕಕ್ಕೆ ಇಳಿಸುತ್ತಾನೆ. ಹಾಡು ಉಳಿಯುತ್ತದೆ, ಅದರ ನಡಿಗೆ ಹೋಗುತ್ತದೆ. ಕೊರಳ ನಡೆಯನ್ನು ಮೊದಲು ಕೇಳಿ, ಯಂತ್ರವನ್ನು ಅದಕ್ಕೆ ಬಾಗಿಸುವ ಪ್ರೊಡ್ಯೂಸರನೇ ಜಾಣ. ಶೀಲಾ ಮತ್ತು ಸ್ಟೀವ್ ಶ್ರುತಿಯ ಮೇಲುಸ್ವರವನ್ನು ಹಿಂಬಾಲಿಸಿದ್ದು ಹೀಗೆಯೇ.

ಮಾದಪ್ಪನ ಕತೆಯಲ್ಲಿ ಸಂಕಮ್ಮನ ಸಾಲು ಬರುತ್ತದೆ. ಪಿ.ಕೆ. ರಾಜಶೇಖರ ಅವರಂಥವರು ಸಂಗ್ರಹಿಸಿ ಅಚ್ಚು ಮಾಡಿಸಿರುವ ಮಹಾಕಾವ್ಯದ ಬಹು ಜನಪ್ರಿಯ ಭಾಗ ಇದು. ಸೋಲಿಗರ ನೀಲೇಗೌಡ ಬೇಟೆಗೆ, ಜೇನಿಗೆ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಕೊಟ್ಟರೆ ಅನುಮಾನವನ್ನು ಒಪ್ಪಿಕೊಂಡಂತಾಗುತ್ತದೆ ಎಂಬುದು ಅವಳ ಹಟ. ಹಿಂಸೆ ಕೊಟ್ಟರೂ, ಮಂತ್ರದ ಕಟ್ಟು ಹಾಕಿ ಹೋದರೂ ಅವಳು ಬಗ್ಗುವುದಿಲ್ಲ. ಮಾದಪ್ಪ ಅವಳ ಮೊರೆ ಕೇಳಿ ಬರುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ.

ಹೆಂಡತಿಯ ಮಾತು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಈ ಮಲೆ ಇಷ್ಟು ಬಿಚ್ಚಿ ಕೇಳಿದೆ. ಕೇಳುವವರು ಪ್ರತಿ ಸಲವೂ ಸಂಕಮ್ಮನ ಕಡೆಗೇ ನಿಲ್ಲುತ್ತಾರೆ. ಸ್ಟುಡಿಯೊದ ಬಾಗಿಲಲ್ಲೂ ಅದೇ ಕಡೆಗೆ ನಿಂತರೆ ಸಾಕು.

ಕಾನೂನು ಏನನ್ನುತ್ತದೆ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣವೊಂದರ ಕರ್ತೃ ಅದರ ನಿರ್ಮಾಪಕ. ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನೇ ಕಾನೂನಿನ ಕಣ್ಣಿಗೆ ನಿರ್ಮಾಪಕ. ರಾತ್ರಿಯಿಡೀ ಕೂತು ಬೀಟು ಕಟ್ಟಿದವರು ಅಷ್ಟರಿಂದಲೇ ಆ ಸ್ಥಾನಕ್ಕೆ ಬರುವುದಿಲ್ಲ. ಹಾಗಾಗಿ ಗಂಡ ಹೆಂಡತಿ ಮನೆಯ ಕೋಣೆಯಲ್ಲೇ ಆಲ್ಬಮ್ ಮಾಡಿದರೂ ಯಾರು ಸಂಯೋಜಿಸಿದರು, ಯಾರು ಬೀಟು ಕಟ್ಟಿದರು, ಯಾರ ಹೆಸರಿನಲ್ಲಿ ಮುದ್ರಣ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬರೆದಿಡದ ಕಡೆ ಊರಿನ ಊಹೆಯೇ ದಾಖಲೆಯಾಗುತ್ತದೆ.

ಮೇಳದವರಿಗೂ ಈ ಕಾಯ್ದೆಯಲ್ಲಿ ಜಾಗ ಇದೆ. ಜನಪದ ಹಾಡಿಗೆ ಒಬ್ಬ ಕವಿ ಇಲ್ಲದಿರಬಹುದು, ಅದನ್ನು ಹಾಡಿದವರು ಇದ್ದಾರೆ. ಪ್ರದರ್ಶಕರ ಹಕ್ಕು 50 ವರ್ಷ ನಡೆಯುತ್ತದೆ. 2012ರ ತಿದ್ದುಪಡಿ ಹಾಡಿದವರ ಹೆಸರು ಹೇಳಲೇಬೇಕೆಂದು ಕೇಳುವ ನೈತಿಕ ಹಕ್ಕನ್ನೂ ಕೊಟ್ಟಿದೆ. ಚಾಮರಾಜನಗರದ ಗುಡ್ಡರೊಬ್ಬರ ಕೊರಳನ್ನು ಮೊಬೈಲಿನಲ್ಲಿ ಹಿಡಿದು ಬೀಟು ಸೇರಿಸಿ ಹರಿಯಬಿಡುವ ಹುಡುಗರಿಗೆ, ಹುಡುಗಿಯರಿಗೆ ಇದು ತಿಳಿದಿರಬೇಕು. ‘ಜಾನಪದ’ ಎಂಬ ಒಂದೇ ಪದ ಬರೆದು ಕೈ ತೊಳೆದುಕೊಳ್ಳುವುದರಿಂದ ಆ ಹಕ್ಕು ತೀರುವುದಿಲ್ಲ. ಯಾವ ಊರಿನ ಮೇಳ, ಮುಂದಾಳು ಯಾರು, ಹಿಮ್ಮೇಳದಲ್ಲಿ ಯಾರು, ಗಾಯಕಿ ಯಾರು, ಯಾವ ಸದ್ದನ್ನು ಕಟ್ಟಿದ್ದು ಗಂಡ, ಯಾವುದನ್ನು ಹೆಂಡತಿ ಎಂದು ಬರೆಯಲು ನಾಲ್ಕು ಸಾಲು ಸಾಕು. ದುಡ್ಡು ಬಂದರೆ ಹಂಚಿಕೆಯೂ ಆ ನಾಲ್ಕು ಸಾಲಿನಂತೆಯೇ ನಡೆಯಬೇಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆದರೆ ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕಿನ ಆಯಸ್ಸು 60 ವರ್ಷ. ಮಲಗುವ ಮುಂಚೆ ಹೆಸರುಗಳನ್ನು ಸರಿಯಾಗಿ ಬರೆದಿಡುವುದು ಇಬ್ಬರಿಗೂ ಕ್ಷೇಮ.